ಕಿರೀಟ ಹಿಡಿದಿಟ್ಟ ಲಾಸ್ಲೊ ಕಾನ್: ಬರೀ ಬಂಡುಕೋರನೋ, ಲೆಕ್ಕಾಚಾರದ ಆಡಳಿತಗಾರನೋ?

ಶಾಸನಪ್ರಿಯ:
ಆಗಿನ ಹಂಗೇರಿ ರಾಜ್ಯದ ಪೂರ್ವ ಗಡಿನಾಡಾಗಿದ್ದ ಟ್ರಾನ್ಸಿಲ್ವೇನಿಯದ ಲಾಸ್ಲೊ ಕಾನ್ ಬಗ್ಗೆ ಇಲ್ಲಿ ಒಂದು ಚರ್ಚೆ ಆಗಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಹಂಗೇರಿಯ ಮಧ್ಯಯುಗದ ಯಾವ ಪುಸ್ತಕ ತೆಗೆದರೂ ಇವನಿಗೆ ಸಿಗುವುದು ಎರಡೇ ಸಾಲು. ಬವೇರಿಯದಿಂದ ಬಂದ ರಾಜ ಒಟ್ಟೊನನ್ನು 1307ರಲ್ಲಿ ಸೆರೆಹಿಡಿದ, ಪವಿತ್ರ ಕಿರೀಟವನ್ನು ಕಿತ್ತುಕೊಂಡು ಮೂರು ವರ್ಷ ಕೊಡದೆ ಕೂತ. ಅಷ್ಟಕ್ಕೇ ಅವನ ಕಥೆ ಮುಗಿಸಿ, ಕೊನೆಗೆ ಪಟ್ಟ ಗೆದ್ದ ಚಾರ್ಲ್ಸ್ ರಾಬರ್ಟ್‌ನ ಕಡೆಗೆ ಹೊರಟುಬಿಡುತ್ತಾರೆ.

ಆದರೆ ಆ ಮನುಷ್ಯ ಸುಮಾರು ಇಪ್ಪತ್ತು ವರ್ಷ ಟ್ರಾನ್ಸಿಲ್ವೇನಿಯವನ್ನು ಆಳಿದ. 1295ರ ಹೊತ್ತಿಗೆ ಅಧಿಕಾರಕ್ಕೆ ಬಂದವನು 1314-15ರಲ್ಲಿ ಸಾಯುವವರೆಗೂ ಆ ಜಾಗ ಬಿಡಲಿಲ್ಲ. ಅಷ್ಟರಲ್ಲಿ ಹಂಗೇರಿಯಲ್ಲಿ ಮೂರನೇ ಆಂಡ್ರೂ, ಬೊಹೀಮಿಯದ ವೆನ್ಸೆಸ್ಲಾಸ್, ಒಟ್ಟೊ, ಚಾರ್ಲ್ಸ್ ಎಂದು ನಾಲ್ವರು ರಾಜರ ಹೆಸರು ಬಂದುಹೋದವು. ಒಬ್ಬರ ಕೈಯಲ್ಲೂ ಇವನನ್ನು ಅಲುಗಾಡಿಸಲು ಆಗಲಿಲ್ಲ. ಇಂಥವನನ್ನು ಬರೀ ಕಿರೀಟಗಳ್ಳ ಎಂದು ಬದಿಗೆ ಸರಿಸಿದರೆ ಆ ಕಾಲದ ಹಂಗೇರಿ ನಡೆಯುತ್ತಿದ್ದ ಬಗೆಯೇ ನಮಗೆ ಅರ್ಥವಾಗುವುದಿಲ್ಲ. ಅವನ ಬಲ ಇದ್ದದ್ದು ಉಪ್ಪು, ಬೆಳ್ಳಿ ಮತ್ತು ನದಿಯಲ್ಲಿ. ಕಿರೀಟ ಆಮೇಲೆ ಬಂದದ್ದು, ಅದನ್ನವನು ಚೌಕಾಸಿಗೆ ಬಳಸಿಕೊಂಡ. ಇದು ನನ್ನ ಅಭಿಪ್ರಾಯ. ಒಪ್ಪದವರು ಬನ್ನಿ, ಮಾತಾಡೋಣ.

ತುಂಗಾತೀರ:
ಸರ್, ನನಗೆ ಈ ವಿಷಯ ಹೊಸದು. ಮೊದಲಿಗೆ ಒಂದು ಪ್ರಶ್ನೆ. ಇವನ ಹುದ್ದೆ ಏನು? ಕೆಲವು ಕಡೆ ಡ್ಯೂಕ್ ಅಂತಾರೆ, ಕೆಲವು ಕಡೆ ರಾಜ್ಯಪಾಲ ಅಂತಾರೆ. ಅಪ್ಪನಿಂದ ಮಗನಿಗೆ ಬರುವ ಹುದ್ದೆಯೋ, ರಾಜ ಕೊಡುವುದೋ?

ಶಾಸನಪ್ರಿಯ:
ತುಂಗಾತೀರ ಅವರೇ, ಅವನು ವೊಯಿವೋಡ. ರಾಜ ನೇಮಿಸುವ ಹುದ್ದೆ ಅದು, ರಾಜ ಬೇಕೆಂದಾಗ ತೆಗೆಯಬಹುದು. ಟ್ರಾನ್ಸಿಲ್ವೇನಿಯದ ಏಳು ಕೌಂಟಿಗಳ ದೊರೆತನ, ಸೈನ್ಯ, ನ್ಯಾಯತೀರ್ಮಾನ ಅವನ ಕೈಕೆಳಗೆ. ರಾಜಧಾನಿಯಿಂದ ಅಷ್ಟು ದೂರದ, ಬೆಟ್ಟಗಳಾಚೆಯ ಗಡಿನಾಡು ಅದು, ಅಲ್ಲೊಬ್ಬ ಗಟ್ಟಿ ಪ್ರತಿನಿಧಿ ಇಲ್ಲದೆ ರಾಜನಿಗೆ ನಡೆಯುತ್ತಿರಲಿಲ್ಲ.

ಆದರೆ ಇಡೀ ಟ್ರಾನ್ಸಿಲ್ವೇನಿಯ ವೊಯಿವೋಡನ ಕೈಲಿರಬಾರದೆಂದು ರಾಜರು ಎಚ್ಚರ ವಹಿಸಿದ್ದರು. ಜರ್ಮನ್ ನಾಡುಗಳಿಂದ ಬಂದು ನೆಲೆಸಿದ ಸ್ಯಾಕ್ಸನ್ನರಿಗೆ ಎರಡನೇ ಆಂಡ್ರೂ 1224ರಲ್ಲೇ ಸನ್ನದು ಬರೆದುಕೊಟ್ಟಿದ್ದ. ವರ್ಷಕ್ಕೆ 500 ಮಾರ್ಕ್ ಬೆಳ್ಳಿ ಕಟ್ಟಿದರೆ ಆಯಿತು, ಅವರ ಮೇಲೆ ರಾಜನೇ ನೇಮಿಸಿದ ಸೆಬೆನ್‌ನ ಕೌಂಟ್ ಇರುತ್ತಿದ್ದ. ಗಡಿ ಕಾಯುವ ಸೇಕೆಯ್ ಜನರಿಗೂ ಬೇರೆಯದೇ ಕೌಂಟ್. ಅಂದರೆ ಅಧಿಕಾರವನ್ನು ಮೂರು ಪಾಲು ಮಾಡಿಟ್ಟಿದ್ದರು. ಲಾಸ್ಲೊ ಮಾಡಿದ್ದೇನೆಂದರೆ ಈ ಪಾಲುಗಳನ್ನು ಒಂದೊಂದಾಗಿ ತನ್ನ ಕೈಗೆ ತೆಗೆದುಕೊಂಡದ್ದು. ಅವನನ್ನು ಅಳೆಯಬೇಕಾದದ್ದು ಇಲ್ಲಿ ಅನ್ನುತ್ತೇನೆ, ಒಟ್ಟೊನ ಸೆರೆ ಆಮೇಲಿನ ಮಾತು.

ಮನೆತನದ ವಿಚಾರ: ಕಾನ್ ಕುಲದವರು ಹೊಸಬರಲ್ಲ. ಅದೇ ಕುಲದ ದ್ಯುಲಾ 1201ರಲ್ಲಿ ಒಮ್ಮೆ, 1214ರಲ್ಲಿ ಮತ್ತೊಮ್ಮೆ ವೊಯಿವೋಡನಾಗಿದ್ದ. ನಾಲ್ಕನೇ ಬೇಲಾ ಪಟ್ಟಕ್ಕೆ ಬಂದ ಮೇಲೆ ಅವನನ್ನು ಸೆರೆಗೆ ಹಾಕಿದ, ಅಲ್ಲೇ ಸತ್ತ. ರಾಜ ಬದಲಾದರೆ ಏನಾಗಬಹುದು ಎಂಬುದು ಆ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು.

ಕೋಟೆಕೊತ್ತಲ:
ರಾಯರೇ, ನೀವು ಅವನನ್ನು ಸ್ವಲ್ಪ ಹೆಚ್ಚೇ ಎತ್ತಿ ಹಿಡಿಯುತ್ತಿದ್ದೀರಿ ಅನ್ನಿಸುತ್ತಿದೆ. ಅವನಿಗೆ ಆ ಹುದ್ದೆ ಸಿಕ್ಕಿದ್ದು ಹೇಗೆ ನೋಡಿ. ಅವನ ಹಿಂದೆ ವೊಯಿವೋಡನಾಗಿದ್ದವನು ರೋಲಂಡ್ ಬೋರ್ಶಾ. ಅವನು ವಾರಾದ್‌ನ ಬಿಷಪ್ಪರ ಜಮೀನಿನ ಮೇಲೆ ನುಗ್ಗಿ ರಾಜನಿಗೆ ಎದುರು ನಿಂತ. ಮೂರನೇ ಆಂಡ್ರೂ ಸ್ವತಃ ದಂಡೆತ್ತಿ ಹೋಗಿ 1294ರ ಬೇಸಿಗೆಯಲ್ಲಿ ಆದೊರ್ಯಾನ್ ಕೋಟೆಗೆ ಮುತ್ತಿಗೆ ಹಾಕಿದ, ತಿಂಗಳುಗಟ್ಟಲೆ ಕಾದು ಗೆದ್ದ. ರೋಲಂಡನನ್ನು ಇಳಿಸಿ ಲಾಸ್ಲೊನನ್ನು ಕೂರಿಸಿದ. ಉದ್ದೇಶ ಸ್ಪಷ್ಟ, ಮಾತು ಕೇಳುವವನೊಬ್ಬ ಅಲ್ಲಿರಲಿ ಎಂದು.

ಆ ನಂಬಿಕೆಗೆ ಲಾಸ್ಲೊ ಕೊಟ್ಟ ಪ್ರತಿಫಲ ಏನು? ರಾಜನ ಗಣಿ ತನ್ನದು, ರಾಜನ ಉಪ್ಪು ತನ್ನದು, ಬಿಷಪ್ ಯಾರಾಗಬೇಕೆಂದು ಹೇಳುವವನೂ ತಾನೇ. ದ್ಯುಲಾಫೆಹೇರ್ವಾರ್‌ನ ಬಿಷಪ್ ಪೀಟರ್ 1307ರಲ್ಲಿ ತೀರಿಕೊಂಡ ಮೇಲೆ ಬಿಷಪ್ಪನನ್ನು ಆರಿಸುವ ಚರ್ಚಿನ ಪಾದ್ರಿಗಳಾದ ಕ್ಯಾನನ್ನರನ್ನೇ ಹಿಡಿದಿಟ್ಟು ತನಗೆ ಬೇಕಾದವನ ಆಯ್ಕೆ ಮಾಡಿಸಿದ. ಮನೆಗೆ ಮದುವೆಗೆಂದು ಬಂದವನನ್ನು ಹಿಡಿದುಹಾಕಿದ. ಇದನ್ನೆಲ್ಲ ಲೆಕ್ಕಾಚಾರ ಎಂದು ಕರೆದು ಗೌರವ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ತುಂಗಾತೀರ:
ಮದುವೆಗೆ ಬಂದವನು ಅಂದರೆ ಒಟ್ಟೊನೇ? ಆ ಕಥೆ ಪೂರ್ತಿ ಹೇಳಿ.

ಕೋಟೆಕೊತ್ತಲ:
ಹೌದು. 1301ರ ಜನವರಿ 14ರಂದು ಮೂರನೇ ಆಂಡ್ರೂ ಗಂಡುಸಂತಾನವಿಲ್ಲದೆ ತೀರಿಕೊಂಡ. ಅಲ್ಲಿಗೆ ಆರ್ಪಾದ್ ವಂಶವೇ ಮುಗಿಯಿತು. ಹೆಣ್ಣುಮಕ್ಕಳ ಕಡೆಯಿಂದ ಸಂಬಂಧವಿದ್ದವರೆಲ್ಲ ಪಟ್ಟಕ್ಕೆ ಹಕ್ಕು ಹೇಳಿದರು. ನೇಪಲ್ಸ್‌ನಿಂದ ಬಂದ ಚಾರ್ಲ್ಸ್ ಒಬ್ಬ, ಅವನ ಹಿಂದೆ ಪೋಪ್ ಇದ್ದರು. ಬೊಹೀಮಿಯದ ವೆನ್ಸೆಸ್ಲಾಸ್ ಇನ್ನೊಬ್ಬ, ಅವನಿಗೆ 1301ರಲ್ಲೇ ಪಟ್ಟಾಭಿಷೇಕವೂ ಆಯಿತು. ದೇಶ ಹತೋಟಿಗೆ ಬರಲಿಲ್ಲವಾದ್ದರಿಂದ 1304ರಲ್ಲಿ ಅವನಪ್ಪ ಬಂದು ಮಗನನ್ನೂ ಕಿರೀಟವನ್ನೂ ಕಟ್ಟಿಕೊಂಡು ಪ್ರಾಗ್‌ಗೆ ಹೋದ. ಮರುವರ್ಷ ವೆನ್ಸೆಸ್ಲಾಸ್ ತನ್ನ ಹಕ್ಕನ್ನು ಬವೇರಿಯದ ಒಟ್ಟೊನಿಗೆ ಬಿಟ್ಟುಕೊಟ್ಟ. ಒಟ್ಟೊನ ತಾಯಿ ನಾಲ್ಕನೇ ಬೇಲಾನ ಮಗಳು.

ಒಟ್ಟೊ ಕಿರೀಟ ಹೊತ್ತು ಹಂಗೇರಿಗೆ ಹೊರಟ ದಾರಿ ಶತ್ರುಗಳ ನಾಡಿನಲ್ಲಿ ಹಾಯುತ್ತಿತ್ತು. ಹಂಗೇರಿಯ ಚಿತ್ರಕ್ರಾನಿಕಲ್ (ಚಿತ್ರಗಳಿರುವ ಹಳೆಯ ಇತಿಹಾಸ ಗ್ರಂಥ) ಹೇಳುವ ಪ್ರಕಾರ ಅವನು ಕಿರೀಟವನ್ನು ಒಂದು ಮರದ ಪೀಪಾಯಿಯಲ್ಲಿ ಅಡಗಿಸಿದ್ದ. ರಾತ್ರಿ ಸವಾರಿಯಲ್ಲಿ ಅದು ದಾರಿಯ ಮೇಲೆ ಬಿದ್ದುಹೋಯಿತು, ಯಾರಿಗೂ ತಿಳಿಯಲಿಲ್ಲ. ಬೆಳಗಾದ ಮೇಲೆ ತಿರುಗಿ ಹೋಗಿ ಹುಡುಕಿದರೆ ಬಿದ್ದಲ್ಲೇ ಇತ್ತಂತೆ, ಜನ ಓಡಾಡುವ ದಾರಿಯಲ್ಲಿ ಒಬ್ಬರೂ ಎತ್ತಿರಲಿಲ್ಲ. ಕಿರೀಟ ಅವನ ಪಾಲಿಗೆ ಉಳಿಯುವುದಿಲ್ಲ ಎಂಬುದಕ್ಕೆ ಇದೇ ಸೂಚನೆ ಎಂದು ಕ್ರಾನಿಕಲ್ ಬರೆದವನ ಮಾತು.

1305ರ ಡಿಸೆಂಬರ್ 6ರಂದು ಪಟ್ಟಾಭಿಷೇಕವಾಯಿತು. ಬೆಂಬಲ ಬೇಕಿತ್ತು, ಟ್ರಾನ್ಸಿಲ್ವೇನಿಯದ ಸ್ಯಾಕ್ಸನ್ನರು ಅವನ ಕಡೆ ಇದ್ದರು. ಲಾಸ್ಲೊನ ಮಗಳನ್ನು ಮದುವೆಯಾದರೆ ಪೂರ್ವದ ಬಲವೆಲ್ಲ ತನ್ನದೆಂದು ನಂಬಿ 1307ರಲ್ಲಿ ಅಲ್ಲಿಗೆ ಹೋದ. ಮಾವನಾಗಬೇಕಾದವನು ಬೇಡಿ ಹಾಕಿದ. ಒಟ್ಟೊ ಕೊನೆಗೆ ಬಿಡುಗಡೆಯಾಗಿ ಬವೇರಿಯಕ್ಕೆ ಮರಳಿದ, 1312ರಲ್ಲಿ ಸಾಯುವವರೆಗೂ ಹಂಗೇರಿಯ ರಾಜನೆಂಬ ಬಿರುದನ್ನು ಬಿಡಲಿಲ್ಲ. ಕಿರೀಟ ಮಾತ್ರ ಲಾಸ್ಲೊನ ಬಳಿಯೇ ಉಳಿಯಿತು.

ಹೊಸಪೇಟೆ ಹುಡುಗ:
ಅಣ್ಣಾ, ಒಂದು ಕಿರೀಟಕ್ಕೆ ಇಷ್ಟು ಒದ್ದಾಟ ಯಾಕೆ? ಚಿನ್ನ ಇದ್ದವರು ಇನ್ನೊಂದು ಮಾಡಿಸಬಹುದಲ್ಲ?

ಅಕ್ಷರದೀಪ:
ಹೊಸಪೇಟೆ ಹುಡುಗ, ಮಾಡಿಸಿದರು! ಮಾಡಿಸಿಯೂ ಕೆಲಸವಾಗಲಿಲ್ಲ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಪ್ರಕರಣದ ಜೀವ ಇರುವುದು ಇಲ್ಲಿ.

ಹಂಗೇರಿಯಲ್ಲಿ ರಾಜನ ಪಟ್ಟಾಭಿಷೇಕ ಸಿಂಧುವಾಗಲು ಮೂರು ಕೂಡಿ ಬರಬೇಕಿತ್ತು. ಎಸ್ತೆರ್ಗೋಮ್‌ನ ಆರ್ಚ್‌ಬಿಷಪ್ ಅದನ್ನು ನಡೆಸಬೇಕು, ಸೇಕೆಶ್‌ಫೆಹೇರ್ವಾರ್ ಊರಿನಲ್ಲೇ ನಡೆಯಬೇಕು, ಸಂತ ಸ್ಟೀಫನ್ನನದೆಂದು ಜನ ನಂಬಿದ್ದ ಪವಿತ್ರ ಕಿರೀಟವನ್ನೇ ತೊಡಿಸಬೇಕು. ಈಗ ಒಬ್ಬೊಬ್ಬರನ್ನೇ ನೋಡಿ. ವೆನ್ಸೆಸ್ಲಾಸ್‌ಗೆ ಊರು ಸರಿ, ಕಿರೀಟ ಸರಿ, ಆದರೆ ತೊಡಿಸಿದವರು ಕಲೋಚಾದ ಆರ್ಚ್‌ಬಿಷಪ್. ಒಟ್ಟೊನಿಗೂ ಊರು, ಕಿರೀಟ ಎರಡೂ ಇದ್ದವು, ತೊಡಿಸಿದವರು ಬರೀ ಬಿಷಪ್ಪರು. ಚಾರ್ಲ್ಸ್‌ನ ಪಾಡು ಇದಕ್ಕೆ ತಿರುಗಾಮುರುಗಾ. 1301ರಲ್ಲಿ ಎಸ್ತೆರ್ಗೋಮ್‌ನಲ್ಲಿ ಯಾವುದೋ ತಾತ್ಕಾಲಿಕ ಕಿರೀಟದಲ್ಲಿ ಮೊದಲ ಪಟ್ಟಾಭಿಷೇಕ ಆಯಿತು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಪೋಪ್ ಕಳಿಸಿದ ಕಾರ್ಡಿನಲ್ ಜೆಂಟೀಲೆ ಬಂದರು. 1308ರ ನವೆಂಬರ್ 27ರಂದು ಪೆಸ್ತ್‌ನಲ್ಲಿ ಸೇರಿದ ಸಭೆ ಚಾರ್ಲ್ಸ್‌ನೇ ರಾಜ ಎಂದು ಒಪ್ಪಿತು. ಲಾಸ್ಲೊ ಕಿರೀಟ ಕೊಡಲಿಲ್ಲವಾಗಿ ಹೊಸ ಕಿರೀಟ ಮಾಡಿಸಿ, ಜೆಂಟೀಲೆ ಅದನ್ನು ಪವಿತ್ರಗೊಳಿಸಿ, 1309ರ ಜೂನ್ 15ರಂದು ಬುದಾದಲ್ಲಿ ಎಸ್ತೆರ್ಗೋಮ್‌ನ ಆರ್ಚ್‌ಬಿಷಪ್ ಥಾಮಸ್ ಅವರಿಂದಲೇ ತೊಡಿಸಿದರು.

ಪೋಪ್‌ರ ಪ್ರತಿನಿಧಿಯೇ ಎದುರು ನಿಂತಿದ್ದಾರೆ, ಆರ್ಚ್‌ಬಿಷಪ್ ಕೈಯಾರೆ ತೊಡಿಸುತ್ತಿದ್ದಾರೆ, ಸಭೆ ಒಪ್ಪಿದೆ. ಆದರೂ ಜನ ಒಪ್ಪಲಿಲ್ಲ. ಅಪಾರ ಅಧಿಕಾರವಿದ್ದ ರೋಮನ್ ಚರ್ಚಿಗೂ ಜನರ ಮನಸ್ಸಿನಿಂದ ಆ ಹಳೆಯ ಕಿರೀಟವನ್ನು ತೆಗೆಯಲಾಗಲಿಲ್ಲ. ಲಾಸ್ಲೊ ಹಿಡಿದುಕೊಂಡಿದ್ದ ವಸ್ತುವಿನ ಬೆಲೆ ಅದು.

ದೂರದೂರು:
ನಾನು ಕೆಲಸದ ಮೇಲೆ ಬುಡಾಪೆಸ್ಟ್‌ನಲ್ಲಿದ್ದೇನೆ. ಆ ಕಿರೀಟವನ್ನು ಕಣ್ಣಾರೆ ನೋಡಿದ್ದರಿಂದ ನಾಲ್ಕು ಮಾತು ಸೇರಿಸುತ್ತೇನೆ. 2000ದ ಜನವರಿಯಿಂದ ಅದು ಪಾರ್ಲಿಮೆಂಟ್ ಕಟ್ಟಡದ ಗುಮ್ಮಟದ ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿದೆ, ಸುತ್ತ ಕಾವಲು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಫೋರ್ಟ್ ನಾಕ್ಸ್‌ನಲ್ಲಿದ್ದು 1978ರಲ್ಲಿ ಹಿಂದಿರುಗಿತು.

ಹತ್ತಿರದಿಂದ ನೋಡಿದರೆ ಎರಡು ಭಾಗ ಎದ್ದು ಕಾಣುತ್ತವೆ. ಕೆಳಗಿನ ಪಟ್ಟಿ ಬೈಜಾಂಟಿಯಮ್‌ನ ಕೆಲಸ, ಅದರ ಮೇಲೆ ಚಕ್ರವರ್ತಿ ಏಳನೇ ಮೈಕೇಲ್ ಡೂಕಾಸ್ ಮತ್ತು ಹಂಗೇರಿಯ ಮೊದಲನೇ ಗೇಜಾನ ಎನಾಮೆಲ್ ಚಿತ್ರಗಳಿವೆ. ಮೇಲೆ ಅಡ್ಡಡ್ಡ ಹಾಯುವ ಪಟ್ಟಿಗಳಲ್ಲಿ ಅಪೋಸ್ತಲರ ಚಿತ್ರಗಳು. ನೆತ್ತಿಯ ಮೇಲೆ ಯೇಸುವಿನ ಚಿತ್ರ, ಅದನ್ನೇ ತೂತು ಮಾಡಿ ಶಿಲುಬೆ ಕೂರಿಸಿದ್ದಾರೆ, ಆ ಶಿಲುಬೆ ಒಂದು ಕಡೆಗೆ ವಾಲಿದೆ. ವಾಲಿದ್ದು ಲಾಸ್ಲೊನ ಕಾಲದಲ್ಲಲ್ಲ, ಬಹಳ ಆಮೇಲೆ. ಎರಡು ಬದಿಗೆ ನಾಲ್ಕು ನಾಲ್ಕು, ಹಿಂದೆ ಒಂದು, ಹೀಗೆ ಸಣ್ಣ ಸರಪಳಿಗಳು ಕಲ್ಲು ಕಟ್ಟಿಕೊಂಡು ಇಳಿಬಿದ್ದಿವೆ. ಸೂಕ್ಷ್ಮವಾದ ವಸ್ತು. ಪೀಪಾಯಿಯಲ್ಲಿ ಹಾಕಿ ಕುದುರೆಯ ಮೇಲೆ ಸಾಗಿಸಿದ್ದನ್ನು ಓದಿದ್ದವನಿಗೆ ಅದನ್ನು ನೋಡುತ್ತ ನಿಂತರೆ ಎದೆ ಝಲ್ಲೆನ್ನುತ್ತದೆ.

ಶಾಸನಪ್ರಿಯ:
ಅಕ್ಷರದೀಪ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ, ಅದರಿಂದಲೇ ನನ್ನ ವಾದ ಮುಂದುವರಿಸುತ್ತೇನೆ. ಕಿರೀಟಕ್ಕೆ ಅಷ್ಟು ಬೆಲೆ ಇತ್ತು ನಿಜ, ಆದರೆ ಯಾರಿಗೆ? ಲಾಸ್ಲೊ ಅದನ್ನು ತೊಡುವಂತಿಲ್ಲ. ರಾಜರಕ್ತ ಅವನದಲ್ಲ, ತಾನು ರಾಜನಾಗುತ್ತೇನೆಂದು ಅವನು ಹೊರಟವನೂ ಅಲ್ಲ. ತೊಡುವವನು ಬಂದು ಕೇಳಿದಾಗ ಮಾತ್ರ ಅದು ಅವನಿಗೆ ಬೆಲೆಯುಳ್ಳದ್ದು. ಇಂಥದ್ದನ್ನು ತೀರಾ ಬೇಗ ಕೊಟ್ಟರೆ ಬಿಟ್ಟಿ ಹೋಗುತ್ತದೆ, ತೀರಾ ತಡಮಾಡಿದರೆ ಹೊಸ ಕಿರೀಟಕ್ಕೇ ಜನ ಒಗ್ಗಿಕೊಂಡಾರು.

ಕೋಟೆಕೊತ್ತಲ ಅವರೇ, ಗಣಿ ಮತ್ತು ಉಪ್ಪಿನ ವಿಷಯ ನೀವು ಆರೋಪದ ಪಟ್ಟಿಯಲ್ಲಿ ಹೇಳಿ ಮುಗಿಸಿದಿರಿ. ನನಗೆ ಅದೇ ಮುಖ್ಯ. ರಾದ್ನಾದ ಬೆಳ್ಳಿಗಣಿ ಎಷ್ಟು ಹೆಸರಾಗಿತ್ತೆಂದರೆ 1241ರಲ್ಲಿ ಮಂಗೋಲರು ಆ ಕಡೆಯಿಂದ ಬಂದಾಗ ಮೊದಲು ಬಿದ್ದದ್ದೇ ಆ ಊರಿನ ಮೇಲೆ. ಇನ್ನು ಉಪ್ಪು. ದೇಶ್, ಸೇಕ್, ತೊರ್ದಾ ಕಡೆ ನೆಲದಡಿ ಕಲ್ಲುಪ್ಪು. ತೊರ್ದಾ ಕಡೆಯದನ್ನು ಕತ್ತರಿಸಿ ದೋಣಿಗೆ ಹಾಕಿ ಮಾರೊಶ್ ನದಿಯಲ್ಲಿ ಇಳಿಬಿಟ್ಟರೆ ಸೆಗೆದ್‌ವರೆಗೆ ತೇಲಿ ಹೋಗುತ್ತದೆ, ಅಲ್ಲಿಂದ ಬಯಲುಸೀಮೆಗೆಲ್ಲ. ಸಮುದ್ರವಿಲ್ಲದ ನಾಡಿಗೆ ಉಪ್ಪೆಂದರೆ ಸಣ್ಣ ಮಾತಲ್ಲ, ರಾಜನ ಬೊಕ್ಕಸಕ್ಕೆ ಅದು ದೊಡ್ಡ ಆದಾಯ.

ಈಗ ಲಾಸ್ಲೊ ಎಲ್ಲಿ ಕೂತಿದ್ದ ನೋಡಿ. ದೇವಾ ಕೋಟೆಯಲ್ಲಿ. ಬಯಲಿನಲ್ಲಿ ಒಂಟಿಯಾಗಿ ಎದ್ದ ಜ್ವಾಲಾಮುಖಿ ಗುಡ್ಡ, ಅದರ ತುದಿಗೆ ಕೋಟೆ, ಕೆಳಗೆ ಮಾರೊಶ್ ಕಣಿವೆ. ಟ್ರಾನ್ಸಿಲ್ವೇನಿಯದಿಂದ ಪಶ್ಚಿಮಕ್ಕೆ ಆ ನದಿಯಲ್ಲಿ ಹೋಗುವ ಪ್ರತಿ ಉಪ್ಪಿನ ದೋಣಿಯೂ ಅವನ ಕಣ್ಣಿನ ಕೆಳಗೇ ಹೋಗಬೇಕು. ಆ ಜಾಗ ಆರಿಸಿಕೊಂಡವನಿಗೆ ನಾಡಿನ ಹಣ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬ ತಿಳಿವಳಿಕೆ ಇತ್ತು. (ಆ ಕೋಟೆ ಈಗ ಹಾಳು. 1849ರಲ್ಲಿ ಮದ್ದಿನ ಮನೆ ಸಿಡಿದು ಕುಸಿಯಿತು. ಗುಡ್ಡ ಹಾಗೇ ಇದೆ.)

ಕೋಟೆಕೊತ್ತಲ:
ಜಾಣ ಅನ್ನುವುದನ್ನು ನಾನು ಅಲ್ಲಗಳೆದಿಲ್ಲ. ಆ ಉಪ್ಪು, ಬೆಳ್ಳಿ ಯಾರದು ಎಂಬುದು ನನ್ನ ಪ್ರಶ್ನೆ. ರಾಜನದು. ರಾಜ ಇಲ್ಲದ ಹೊತ್ತಿನಲ್ಲಿ ನುಂಗಿದ್ದು. ಇವನೊಬ್ಬನೇ ಅಲ್ಲ ಎಂಬುದನ್ನೂ ಒಪ್ಪುತ್ತೇನೆ. ವಾಯವ್ಯದಲ್ಲಿ ಮಾತೇ ಚಾಕ್, ಈಶಾನ್ಯದಲ್ಲಿ ಆಮಾದೆ ಅಬಾ, ಪಶ್ಚಿಮದಲ್ಲಿ ಕ್ಯೋಸೆಗಿ ಮನೆಯವರು, ಒಬ್ಬೊಬ್ಬರೂ ಒಂದೊಂದು ದಿಕ್ಕು ಹಂಚಿಕೊಂಡಿದ್ದರು. ಆದರೆ ಅವರಲ್ಲಿ ಹಲವರು 1308ರಲ್ಲಿ ಚಾರ್ಲ್ಸ್‌ನನ್ನು ಒಪ್ಪಿದರು. ಮಾತೇ ಚಾಕ್‌ನಂಥವನೇ ಕೇಕೆಶ್ ಮಠದಲ್ಲಿ ಜೆಂಟೀಲೆಯವರನ್ನು ಭೇಟಿಯಾಗಿ ಒಪ್ಪಿಗೆ ಕೊಟ್ಟ. ಲಾಸ್ಲೊ ಪೆಸ್ತ್ ಸಭೆಗೆ ಬರಲೂ ಇಲ್ಲ.

ಅಕ್ಷರದೀಪ:
ಆದರೆ ಒಪ್ಪಿಗೆ ಕೊಟ್ಟ ಮಾತೇ ಚಾಕ್ ಆಮೇಲೆ ಏನು ಮಾಡಿದ? 1312ರ ಜೂನ್ 15ರಂದು ರೊಜ್ಗೋನ್ ಕದನದಲ್ಲಿ ಅವನ ಪಡೆ ರಾಜನ ವಿರುದ್ಧವೇ ನಿಂತಿತ್ತು. ಆಮಾದೆ ಅಬಾನ ಮಕ್ಕಳೂ ಅದೇ ಕಡೆ ಇದ್ದರು. ಬಾಯಲ್ಲಿ ಬೇಗ ಒಪ್ಪಿದವರು ನಿಷ್ಠರಾಗಿ ಉಳಿಯಲಿಲ್ಲ. ಲಾಸ್ಲೊ ತಡವಾಗಿ ಒಪ್ಪಿದ, ಆದರೆ ಒಪ್ಪಿದ ಮೇಲೆ ಕಿರೀಟ ಕೊಟ್ಟ. ಇದನ್ನೂ ತಕ್ಕಡಿಗೆ ಹಾಕಬೇಕು.

ಇನ್ನೊಂದು ಮಾತು. ಒಟ್ಟೊನ ಸೆರೆಯ ವಿವರಗಳಲ್ಲಿ ಹೆಚ್ಚಿನವು ಆಸ್ಟ್ರಿಯದ ಸ್ಟೈರಿಯ ನಾಡಿನ ಒಂದು ಜರ್ಮನ್ ಪದ್ಯ ಕ್ರಾನಿಕಲ್‌ನಿಂದ ಬಂದವು. ಅದನ್ನು ಬರೆದವನು ಆ ಕಾಲದವನೇ, ಆದರೆ ಕೇಳುಗರನ್ನು ಹಿಡಿದು ಕೂರಿಸುವಂತೆ ಕಥೆ ಹೇಳುವವನು, ಪಾತ್ರಗಳ ಬಾಯಲ್ಲಿ ಮಾತು ಹಾಕುವವನು. ಮದುವೆಯ ಬಲೆ, ಮಾವನ ಮೋಸ ಇತ್ಯಾದಿ ಅವನ ಕೈಯಲ್ಲಿ ಬಣ್ಣ ಕಟ್ಟಿದೆ. ಸೆರೆ, ಕಿರೀಟ ಎರಡೂ ನಿಜ, ಬೇರೆ ದಾಖಲೆಗಳೂ ಅದನ್ನು ಹೇಳುತ್ತವೆ. ಆದರೆ ಲಾಸ್ಲೊನ ಮನಸ್ಸಿನೊಳಗೆ ಏನಿತ್ತು ಎಂಬುದಕ್ಕೆ ನಾನಂತೂ ಸನ್ನದುಗಳನ್ನು ಹೆಚ್ಚು ನಂಬುತ್ತೇನೆ.

ತುಂಗಾತೀರ:
ಹಾಗಾದರೆ ಕೊನೆಗೆ ಕೊಟ್ಟದ್ದು ಯಾಕೆ? ಚರ್ಚು ಅವನ ಮೇಲೆ ಹಾಕಿದ ಬಹಿಷ್ಕಾರಕ್ಕೆ ಹೆದರಿಯೇ?

ಶಾಸನಪ್ರಿಯ:
ಬಹಿಷ್ಕಾರ ಹಾಕಿದ್ದು 1309ರ ಕ್ರಿಸ್‌ಮಸ್ ದಿನ, ಡಿಸೆಂಬರ್ 25ರಂದು. ಜೆಂಟೀಲೆಯವರ ದೂರಿನಲ್ಲಿ ಕಿರೀಟದ ವಿಷಯದ ಜೊತೆಗೆ ಇನ್ನೊಂದು ಇತ್ತು: ಮಗಳನ್ನು ಸೆರ್ಬಿಯದ ರಾಜಮನೆತನಕ್ಕೆ, ಅಂದರೆ ರೋಮ್ ಒಪ್ಪದ ಆರ್ಥಡಾಕ್ಸ್ ಪಂಥದವರಿಗೆ ಕೊಟ್ಟ ಎಂಬುದು. ಈ ಸಂಬಂಧವನ್ನು ಗಮನಿಸಿ. ದಕ್ಷಿಣದ ಗಡಿಯಾಚೆಗೆ ಒಬ್ಬ ಬಲವಾದ ನೆಂಟ. ಕೌಂಟಿಗಳ ಅಧಿಕಾರಿಯೊಬ್ಬ ಮಾಡುವ ಮದುವೆಯಲ್ಲ ಅದು, ಆಳುವ ದೊರೆ ಮಾಡುವ ಮದುವೆ.

ಹೆದರಿದನೋ ಇಲ್ಲವೋ ಎನ್ನುವುದಕ್ಕಿಂತ ಏನು ನಡೆಯಿತು ನೋಡೋಣ. ಬಹಿಷ್ಕಾರದಿಂದ ನಾಲ್ಕು ತಿಂಗಳೊಳಗೆ, 1310ರ ಏಪ್ರಿಲ್ 8ರಂದು ಸೆಗೆದ್‌ನಲ್ಲಿ ಒಪ್ಪಂದವಾಯಿತು. ಚಾರ್ಲ್ಸ್‌ನನ್ನು ರಾಜನೆಂದು ಒಪ್ಪುತ್ತೇನೆ, ಜುಲೈ 1ರೊಳಗೆ ಕಿರೀಟವನ್ನೂ ರಾಜಚಿಹ್ನೆಗಳನ್ನೂ ಒಪ್ಪಿಸುತ್ತೇನೆ, ರಾಜನ ಬೆಳ್ಳಿಗಣಿ, ಉಪ್ಪುಗಣಿ ಬಿಟ್ಟುಕೊಡುತ್ತೇನೆ ಎಂದು ಮಾತು ಕೊಟ್ಟ. ಕಿರೀಟದ ಮಾತು ಉಳಿಸಿಕೊಂಡ. 1310ರ ಆಗಸ್ಟ್ 27ರಂದು ಚಾರ್ಲ್ಸ್‌ಗೆ ಮೂರನೇ ಪಟ್ಟಾಭಿಷೇಕ. ಊರು, ಆರ್ಚ್‌ಬಿಷಪ್, ಕಿರೀಟ, ಮೂರೂ ಕೂಡಿಬಂದದ್ದು ಅಂದೇ.

ಅದಾದ ಮೇಲೂ ಲಾಸ್ಲೊನೇ ವೊಯಿವೋಡ. ಅವನು ಬದುಕಿರುವವರೆಗೆ ಟ್ರಾನ್ಸಿಲ್ವೇನಿಯದಲ್ಲಿ ರಾಜನ ಕೈ ಆಡಲಿಲ್ಲ. ಅವನು ಕೊಟ್ಟದ್ದು ತನಗೆ ತೊಡಲಾಗದ ಕಿರೀಟವನ್ನು, ಉಳಿಸಿಕೊಂಡದ್ದು ತನ್ನ ನಾಡನ್ನು. ನನ್ನ ಕಣ್ಣಿಗೆ ಇದು ಸೋಲಲ್ಲ.

ಕೋಟೆಕೊತ್ತಲ:
ಅವನ ಮಟ್ಟಿಗೆ ಸೋಲಲ್ಲ, ಅಷ್ಟು ಒಪ್ಪಿದೆ. ಆದರೆ ಮಕ್ಕಳ ಗತಿ? ರಾಜ ಕೊಟ್ಟ ಹುದ್ದೆಯನ್ನು ಅಪ್ಪ ಮನೆಯ ಆಸ್ತಿಯಂತೆ ಅನುಭವಿಸಿದ, ಮಕ್ಕಳು ಅದನ್ನೇ ನಿಜವೆಂದು ನಂಬಿದರು. ಅವನು ಸತ್ತ ಮೇಲೆ ಮಗ ತಾನೇ ವೊಯಿವೋಡ ಎಂದುಕೊಂಡ. ಚಾರ್ಲ್ಸ್ ಒಪ್ಪಲಿಲ್ಲ. 1315ರಲ್ಲಿ ನಿಕೊಲಸ್ ಪೋಕ್‌ನನ್ನು ನೇಮಿಸಿದ, ತಾನೂ ಅದೇ ವರ್ಷ ತೆಮೆಶ್ವಾರ್‌ಗೆ ವಾಸ ಬದಲಿಸಿ 1323ರವರೆಗೆ ಅಲ್ಲೇ ಇದ್ದ. ಟ್ರಾನ್ಸಿಲ್ವೇನಿಯದ ಬಾಗಿಲಲ್ಲೇ ಬಂದು ಕೂತಂತಾಯಿತು. 1318ರಲ್ಲಿ ದೋಜಾ ದೆಬ್ರೆತ್ಸೆನಿ ಬಂದ. 1321ರಲ್ಲಿ ತಮಾಶ್ ಸೇಚೇನಿ ವೊಯಿವೋಡನಾಗಿ ಕಾನ್ ಮನೆಯವರ ಕೈಲಿ ಉಳಿದಿದ್ದ ಚಿಚೋ ಕೋಟೆಯನ್ನೂ ಹಿಡಿದ. ಇಪ್ಪತ್ತು ವರ್ಷ ಕಟ್ಟಿದ್ದು ಆರೇಳು ವರ್ಷದಲ್ಲಿ ಹೋಯಿತು.

ಶಾಸನಪ್ರಿಯ:
ಅದು ನಿಜ. ಅವನ ಮಕ್ಕಳ ಹೊತ್ತಿಗೆ ರಾಜನಿಗೆ ಕೊಡಲು ಆ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಉಪ್ಪು, ಬೆಳ್ಳಿ ಇದ್ದವು, ಆದರೆ ಅವನ್ನು ಬಲದಿಂದಲೇ ಕಿತ್ತುಕೊಳ್ಳಬಹುದು. ಕಿರೀಟವನ್ನಾದರೆ ಕೇಳಿ ಪಡೆಯಬೇಕಿತ್ತು, ಹೊಡೆದಾಟದಲ್ಲಿ ಅದು ಒಡೆದರೆ, ಕಾಣೆಯಾದರೆ ರಾಜನಿಗೇ ನಷ್ಟ. 1310ರಲ್ಲಿ ಅದನ್ನು ಕೊಟ್ಟ ದಿನವೇ ಆ ಮನೆಯ ರಕ್ಷಣೆಗೆ ಅವಧಿ ಬಿತ್ತು ಎನ್ನುವುದಾದರೆ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ.

ಹೊಸಪೇಟೆ ಹುಡುಗ:
ಈ ಸೇಚೇನಿ ಎಷ್ಟು ದಿನ ಇದ್ದ? ಅವನೂ ಹಾಗೇ ಮಾಡಿದನೇ?

ಅಕ್ಷರದೀಪ:
1321ರಿಂದ 1342ರವರೆಗೆ, ಲಾಸ್ಲೊನಿಗಿಂತ ಒಂದು ಕೈ ಹೆಚ್ಚೇ. 1324ರಲ್ಲಿ ಸ್ಯಾಕ್ಸನ್ನರು ದಂಗೆಯೆದ್ದಾಗ ಹತ್ತಿಕ್ಕಿದವನೂ ಅವನೇ. ಆದರೆ ಅವನ ಬಲ ಚಾರ್ಲ್ಸ್‌ನ ಬಲದ ಜೊತೆ ಬೆಳೆದದ್ದು, ರಾಜನಿಗೆ ಎದುರು ನಿಂತದ್ದಲ್ಲ. ಅವನ ಬಗ್ಗೆ ಬೇರೆಯದೇ ಎಳೆ ತೆರೆಯೋಣ, ಹೇಳುವುದು ಬಹಳ ಇದೆ. ಕೋಟೆಕೊತ್ತಲ ಅವರೇ, ನೀವೇ ಶುರು ಮಾಡಿ.